ಸೋಸಿದ ಮಾತು

ತೋಳಿನಲ್ಲಿ ಇನ್ನೂ ಬ್ರೆಡ್ಡಿನ ವಾಸನೆ, ಮಿಂದು ಬಟ್ಟೆ ಬದಲಿಸಿ ಬಂದರೂ ಬಿಡದು, ಮೊಣಕೈಯ ಮಡಿಕೆಯಲ್ಲಿ ಎಲ್ಲೋ ಅವಿತು ಕೂತಿರುತ್ತದೆ, ಮೂಗಿನ ಹತ್ತಿರ ಒಯ್ದು ಮೂಸಿದಳು, ಇದೆ, ಅದಕ್ಕೇ ತಾನು ಹೊಸ್ತಿಲಾಚೆ — ಈ ಪ್ರಯೋಗಾಲಯದಲ್ಲಿ ಎಲ್ಲರೂ ಹೋಗಿಬರುವ ಕೋಣೆಗೆ ಅವಳೊಬ್ಬಳಿಗೆ ಪ್ರವೇಶವಿಲ್ಲ, ಯಾಕೆಂದರೆ ಅವಳು ಬೇಕರಿಯವನ ಹೆಂಡತಿ, ಕೂದಲಲ್ಲಿ ಉಗುರಿನಡಿಯಲ್ಲಿ ಯೀಸ್ಟ್ ಇರುತ್ತದೆ, ಹಿಟ್ಟು ಉಬ್ಬಿಸುವ ಆ ಬಡಪಾಯಿ ಯೀಸ್ಟ್ ಒಂದು ಕಣ ಒಳಗೆ ಬಿದ್ದರೂ ಸಾಕು, ಮುದ್ದಿನಿಂದ ಸಾಕಿದ ಜೀವಕೋಶಗಳೆಲ್ಲ ಸುಣ್ಣ ಕದಡಿದ ನೀರಾಗಿಬಿಡುತ್ತವೆ. ಮೊದಮೊದಲು ಬೇಸರವಾಗುತ್ತಿತ್ತು, ಈಗಿಲ್ಲ, ಈಗ ಬಾಗಿಲ ಹೊರಗೊಂದು ಸ್ಟೂಲು ಅವಳದೇ ಆಗಿದೆ, ಹೊರಗಿನ ಮೇಜಿನ ಮೇಲೊಂದು ಸೂಕ್ಷ್ಮದರ್ಶಕ, ಒಳಗೆ ಗಾಜಿನಾಚೆ ಸಾಕುವವಳು — ಕೋಶ ಸಾಕುವುದೇ ಅವಳ ಕೆಲಸವಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಸಾಕುವವಳೇ — ಕೈಯೆತ್ತಿ ಬೆರಳು ಅಲ್ಲಾಡಿಸಿದಳು, ಇನ್ನೊಂಚೂರು ತಾಳಿ ಅಕ್ಕ, ಎದೆ ಬಡ್ಕೊಂಡ್ರೆ ಕೋಶ ಬೇಗ ಬೆಳೆಯಲ್ಲ. ತಾಳಬೇಕು. ನಿನ್ನೆಯ ತಟ್ಟೆಯಲ್ಲಿ ಎಲ್ಲವೂ ಸತ್ತಿದ್ದವು, ಸಾಯಬೇಕಾದವು ಸತ್ತಿದ್ದವು ಸರಿ, ಬದುಕಬೇಕಾದವೂ ಸತ್ತಿದ್ದವು, ಮುಖ್ಯಸ್ಥರು ಕಣ್ಣುಜ್ಜಿಕೊಂಡು ನಿಮ್ಮ ಪ್ರೋಟೀನು ಯಾಕೋ ಮಲಗಿಬಿಟ್ಟಿದೆ ಅಂದರು, ಕೋಪವಿರಲಿಲ್ಲ ದನಿಯಲ್ಲಿ, ಅದೇ ಹೆಚ್ಚು ಚುಚ್ಚಿತು, ಇವತ್ತಿನ ತಟ್ಟೆ ಹೇಳಬೇಕು ಮಲಗಿದ್ದು ಪ್ರೋಟೀನೋ ತಾನೋ ಅಂತ. ಅದಿರಲಿ, ಅದಕ್ಕಿಂತ ಬೆಳಿಗ್ಗೆ ಮೈದುನ ಅಂದ ಆ ಒಂದು ಮಾತು ಕಿವಿಯಿಂದ ಹೋಗುತ್ತಿಲ್ಲ, ಅಷ್ಟೇನಾ ಅತ್ತಿಗೆ.

ಅಷ್ಟೇ ಅಂದಿದ್ದಳು ತಾನು. ಬೇಡ, ಈಗ ಅದು ಬೇಡ. ಪ್ರೋಟೀನು ಅಂದರೆ, ತಾನು ಮಾಡುವುದು ಕಿವಿ, ಮನೆಯವರಿಗೆಲ್ಲ ಹಾಗೇ ಹೇಳಿಬಿಟ್ಟಿದ್ದಾಳೆ, ಡೆತ್ ರಿಸೆಪ್ಟರ್ ಅಂತ ಮೊದಲ ಸಲ ಅಂದಾಗ ಅತ್ತೆ ಕೈಲಿದ್ದ ಲೋಟ ಕೆಳಗಿಟ್ಟು ನೋಡಿದ್ದರು, ಸಾಯೋದನ್ನೂ ಕಲಿಸ್ತಾರೇನೇ ನಿಮ್ಮಲ್ಲಿ, ಹಾಗಲ್ಲ ಅತ್ತೆ, ಮೈಯಲ್ಲಿರೋ ಒಂದೊಂದು ಜೀವಕೋಶಕ್ಕೂ ಹೊರಮೈಯಲ್ಲಿ ಒಂದು ಕಿವಿ ಇರುತ್ತೆ, ನಿನ್ನ ಕೆಲಸ ಮುಗೀತು ಇನ್ನು ಹೊರಡು ಅಂತ ಹೊರಗಿನಿಂದ ಮಾತು ಬರುತ್ತೆ, ಕಿವಿ ಕೇಳಿಸ್ಕೊಂಡ್ರೆ ಕೋಶ ತನ್ನ ಗಂಟುಮೂಟೆ ಕಟ್ಟಿ ಚೊಕ್ಕವಾಗಿ ಸಾಯುತ್ತೆ, ಕೇಳಿಸ್ಕೊಳ್ಳದೆ ಇದ್ರೆ ಕೆಲವು ಸಲ ಗಡ್ಡೆ ಆಗುತ್ತೆ, ಅದಕ್ಕೇ ಓದೋರು, ಔಷಧಿ ಹುಡುಕೋರು ಆ ಕಿವಿ ಬೇಕು ಅಂತಾರೆ, ನಾವು ಮನುಷ್ಯರ ಜೀನು ಬೇರೆ ಕೋಶಕ್ಕೆ ಸೇರಿಸಿ ಅದರ ಕೈಲಿ ಬರೀ ಕಿವಿ ಮಾಡಿಸಿ ಕೊಡ್ತೀವಿ, ರಿಕಾಂಬಿನೆಂಟ್ ಅಂತ ಅದಕ್ಕೇ ಅನ್ನೋದು. ಅತ್ತೆ ನಂಬಲಿಲ್ಲ. ಚೊಕ್ಕವಾಗಿ ಸಾಯೋದು ಅಂದ್ರೇನೇ. ಆಗ ಅವರ ಕೈ ಹಿಡಿದು ಬೆರಳು ಬಿಡಿಸಿ ತೋರಿಸಿದ್ದಳು, ನೋಡಿ ಹೊಟ್ಟೆಯಲ್ಲಿದ್ದಾಗ ಈ ಕೈ ಸಟ್ಟುಗದ ಥರ ಇತ್ತು, ಬೆರಳು ಬೆರಳಿನ ಮಧ್ಯೆ ಕೋಶ ತುಂಬಿತ್ತು, ಅವು ಹೊರಟುಹೋದ್ವು, ಅದಕ್ಕೇ ಐದು ಬೆರಳಾಯ್ತು, ಅಲ್ಲಿ ಹೊರಡು ಅಂದದ್ದು ಈ ಕಿವಿ ಕೇಳೋ ಮಾತಲ್ಲ ಬೇರೆ ಮಾತು, ಆದ್ರೆ ಸಾಯೋ ರೀತಿ ಅದೇ. ಅತ್ತೆ ತಮ್ಮ ಕೈಯನ್ನು ಹಿಂದೆಮುಂದೆ ತಿರುಗಿಸಿ ನೋಡಿಕೊಂಡರು, ಬೆರಳ ಸಂದಿನಲ್ಲಿ ಒಣಗಿದ ಹಿಟ್ಟು, ಆಮೇಲೆ ಅಂದರು, ಹಾಗಾದ್ರೆ ಹೋದೋರಿಂದ್ಲೇ ಕೈಯಾಯ್ತು ಅನ್ನು. ಅತ್ತೆ ಹೋಗಿ ಎಷ್ಟೋ ಕಾಲವಾಯಿತು, ಆ ಮಾತನ್ನು ಅವಳು ಯಾವ ಪುಸ್ತಕದಲ್ಲೂ ಅಷ್ಟು ಸರಿಯಾಗಿ ಓದಿಲ್ಲ.

ಆ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅವಳು ಮೊದಲು ನಕ್ಕಿದ್ದು ಒಂದು ಬೆನ್ನು ನೋಡಿ — ಮಹಡಿಯ ಕಿಟಕಿಯಿಂದ ಕೆಳಗೆ ಬೀದಿ, ಮೈದುನ ಕಪ್ಪು ಅಂಗಿ ತೊಟ್ಟು ತಲೆ ಬಾಚಿ ಗೆಳೆಯರ ಜೊತೆ ಠೀವಿಯಿಂದ ಹೊರಟಿದ್ದಾನೆ, ಬೆನ್ನ ನಡುವೆ ಬೆಳ್ಳಗೆ ಒಂದು ಅಂಗೈ ಗುರುತು, ಐದೂ ಬೆರಳು ಬಿಡಿಬಿಡಿಯಾಗಿ, ಬೀದಿಯೆಲ್ಲ ನಗುತ್ತಿದೆ, ಅವನಿಗೆ ಗೊತ್ತಿಲ್ಲ. ಕೆಳಗೆ ಅಂಗಡಿ ಬಾಗಿಲಲ್ಲಿ ಅವಳ ಗಂಡ, ಹಿಟ್ಟಿನ ಕೈ ಹಿಂದೆ ಕಟ್ಟಿಕೊಂಡು ಏನೂ ಅರಿಯದ ಮಗುವಿನ ಮುಖ. ಹೋಗೋ ಕತ್ತೆ ಬೇಗ ಬಾ ಅಂತ ಬೆನ್ನು ಚಪ್ಪರಿಸಿ ಕಳಿಸುವುದು ಅಣ್ಣನ ಅಭ್ಯಾಸ, ಬಟ್ಟೆ ಒಗೆಯುವಾಗ ಬೈಯುವುದು ಅತ್ತೆಯ ಅಭ್ಯಾಸ, ಯಾವುದೋ ಈ ಪಂಜ, ಒಬ್ಬನಿಗೂ ಬುದ್ಧಿ ಇಲ್ಲ. ಇಬ್ಬರೂ ದಿನವಿಡೀ ಕಿತ್ತಾಡುತ್ತಿದ್ದರು, ಕತ್ತೆ ಗೂಬೆ ಎಮ್ಮೆ, ಇಡೀ ಪ್ರಾಣಿಸಂಗ್ರಹಾಲಯವೇ ಆ ಒಲೆಯ ಮುಂದೆ ಇತ್ತು, ಅವಳು ಬೆಳೆದ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಿದವರಲ್ಲ, ಅಪ್ಪ ಸಿಟ್ಟು ಬಂದರೆ ಕನ್ನಡಕ ಒರೆಸುತ್ತಿದ್ದರು ಅಷ್ಟೇ, ಇಲ್ಲಿ ಪ್ರತಿ ಕೂಗಿಗೂ ಅವಳು ಕೈಲಿದ್ದ ಕೆಲಸ ಬಿಟ್ಟು ಮೆಟ್ಟಿಲಿಗೆ ಓಡಿಬರುತ್ತಿದ್ದಳು. ಆಮೇಲೆ ಆ ಕರೆಂಟಿನ ಒಲೆ. ಗಂಡ ತಮ್ಮನನ್ನು ಒಂದು ಮಾತು ಕೇಳದೆ ಸೌದೆ ಒಲೆ ಕೆಡವಿಸಿ ಹೊಸದು ತಂದು ಕೂರಿಸಿದ, ತಮ್ಮ ಆಡಬಾರದ ಮಾತು ಆಡಿದ, ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು, ಆಗ ಅವಳು ನಡುವೆ ಬಂದು ನಿಂತಳು, ಸಿಟ್ಟು ಇಳಿಯೋವರೆಗೂ ನೀವಿಬ್ಬರೂ ಮಾತಾಡ್ಬೇಡಿ, ಏನಿದ್ರೂ ನಂಗೆ ಹೇಳಿ, ನಾನು ಹೇಳ್ತೀನಿ.

ಸಿಟ್ಟು ಇಳಿಯಿತು, ಪದ್ಧತಿ ಉಳಿಯಿತು. ಊರವರೆಲ್ಲ ಉಪ್ಪು ಖಾರ ಹಚ್ಚಿ ಹೇಳುವವರಾದರೆ ಇವಳು ಇದ್ದ ಉಪ್ಪು ಖಾರವನ್ನೂ ತೊಳೆದು ಹೇಳುವವಳು, ಸೋಸುವುದು ಕಸುಬು ತಾನೆ, ಹಗಲಿಡೀ ಒಂದೊಂದೇ ಕೊಳವೆಯಲ್ಲಿ ಹನಿಹನಿಯಾಗಿ ಇಳಿಸಿ, ಬೇಡದ್ದೆಲ್ಲ ತೊಳೆದುಹೋಗಿ ಬೇಕಾದ್ದೊಂದೇ ಕೊನೆಗೆ ಬಂದು ನಿಲ್ಲುವ ಆ ಗಳಿಗೆ, ತಣ್ಣನೆ ಕೋಣೆಯಲ್ಲಿ ಸ್ವೆಟರು ಹಾಕಿಕೊಂಡು ಅದನ್ನೇ ಕಾಯುತ್ತ ಕೂರುವುದು ಅವಳಿಗೆ ಎಷ್ಟು ಇಷ್ಟ, ಸ್ವರ್ಗ ಅಂದರೆ ಸ್ವಲ್ಪ ಚಳಿ ಇರುವ ಜಾಗವೇ ಇರಬೇಕು. ಮನೆಗೆ ಬಂದರೂ ಅದೇ ಕೈ. ಎಮ್ಮೆ ಥರ ಬಿದ್ದಿದಾನೆ ಎಬ್ಬಿಸು ಅವನನ್ನ ಅಂತ ಗಂಡ ಕೆಳಗಿನಿಂದ ಕೂಗಿದರೆ ಮೈದುನನ ಬಾಗಿಲು ತಟ್ಟಿ, ಸ್ವಲ್ಪ ಬೇಗ ಏಳ್ಬೇಕಂತೆ ಕಣೋ. ಆ ಗೂಬೆಗೆ ಹಿಟ್ಟಿಗೆ ಉಪ್ಪು ಹಾಕೋದು ಮರ್ತುಹೋಗಿದೆ, ನಾಲಿಗೆ ಇದ್ಯೋ ಬಿದ್ದುಹೋಯ್ತೋ ಕೇಳಿ ಅಂತ ಮೈದುನ ಹೇಳಿದರೆ ಗಂಡನ ಹತ್ತಿರ, ಉಪ್ಪು ಒಂಚೂರು ಕಮ್ಮಿ ಅನ್ಸುತ್ತಂತೆ. ಮನೆ ತಣ್ಣಗಾಯಿತು. ಎಷ್ಟು ವರ್ಷದಿಂದ ಒಂದು ಕೂಗಿಲ್ಲ, ಒಂದು ಪಾತ್ರೆ ಎಸೆದ ಸದ್ದಿಲ್ಲ, ನೆರೆಮನೆಯ ಟೈಲರು ಒಂದಿನ ಹೇಳಿಯೂ ಹೇಳಿದ, ಏನಮ್ಮಾ ನಿಮ್ಮನೇಲಿ ಯಾರೂ ಇಲ್ವೇನೋ ಅನ್ಸುತ್ತೆ, ಅವಳು ಅದನ್ನು ಹೊಗಳಿಕೆ ಅಂತಲೇ ತೆಗೆದುಕೊಂಡಳು.

ಇವತ್ತು ಮಧ್ಯಾಹ್ನದ ಬಸ್ಸಿಗೆ ಮೈದುನ ಹೊರಡುತ್ತಾನೆ. ಬೇರೆ ಊರಿನಲ್ಲಿ ಯಾರೋ ದೊಡ್ಡ ಬೇಕರಿಯವರು ಕರೆದಿದ್ದಾರೆ, ಹೋದರೆ ಹೋದ ಹಾಗೇ, ಅವನು ತಿರುಗಿ ಬರುವ ಜಾತಿಯಲ್ಲ, ಅವನು ಹೊರಟರೆ ಮನೆಯ ಅರ್ಧ ಹೊರಟ ಹಾಗೆ, ಅವಳಿಗದು ಗೊತ್ತು, ಗಂಡನಿಗೂ ಗೊತ್ತು, ಬೆಳಿಗ್ಗೆ ಗಂಡ ಹಿಟ್ಟಿನ ಕೈಯಲ್ಲೇ ಅಡುಗೆಮನೆಗೆ ಬಂದು ನಿಂತ, ಚಹಾ ಕುಡಿಯಲಿಲ್ಲ, ಕಿಟಕಿ ನೋಡುತ್ತ ಹೇಳಿದ, ಆ ಕತ್ತೆಗೆ ಹೇಳು, ಹೋಗೋದಾದ್ರೆ ಹೋಗ್ಲಿ, ನಾನೇನು ಕಾಲಿಗೆ ಬೀಳಲ್ಲ, ಅವನು ನಾದದೆ ಇದ್ರೆ ಇಲ್ಲಿ ಬ್ರೆಡ್ಡಾಗಲ್ಲ ಇಟ್ಟಿಗೆ ಆಗುತ್ತೆ, ಇಟ್ಟಿಗೇನೇ ಮಾರ್ಕೊಂಡು ಬದುಕ್ತೀನಿ ಅಂತ ಹೇಳು. ಅವಳು ಮೆಟ್ಟಿಲಿಳಿಯುತ್ತ ಸೋಸಿದಳು, ಕತ್ತೆ ತೆಗೆದಳು, ಕಾಲು ತೆಗೆದಳು, ಇಟ್ಟಿಗೆ ತೆಗೆದಳು, ಕೆಳಗಿನ ಮೆಟ್ಟಿಲಲ್ಲಿ ಮೈದುನ ಬೂಟಿನ ದಾರ ಕಟ್ಟುತ್ತ ಬಗ್ಗಿದ್ದ, ಪ್ರಯಾಣಕ್ಕೆಂದು ತೆಗೆದಿಟ್ಟ ಕಪ್ಪು ಅಂಗಿ, ಇಸ್ತ್ರಿ ಮುರಿದಿಲ್ಲ, ಬೆನ್ನ ಮೇಲೆ ಒಂದು ಚುಕ್ಕೆ ಇಲ್ಲ, ಎಷ್ಟು ಚೊಕ್ಕವಾಗಿದೆ ಅಂದುಕೊಂಡಳು, ನಿಮ್ಮಣ್ಣ ಹೋಗಿ ಬಾ ಅಂದ್ರು ಕಣೋ, ಒಳ್ಳೇದಾಗ್ಲಿ ಅಂದ್ರು. ಅವನು ದಾರದ ಗಂಟು ಬಿಗಿದು ತಲೆಯೆತ್ತಿದ. ಅಷ್ಟೇನಾ ಅತ್ತಿಗೆ. ಅಷ್ಟೇ. ಸರಿ ಅಂದ, ಷಟರು ಎಳೆದಂತೆ ಮುಖ ಮುಚ್ಚಿಕೊಂಡಿತು.

ಅವಳು ಕೆಲಸಕ್ಕೆ ಬಂದಳು, ಬರಲೇಬೇಕಿತ್ತು, ತಟ್ಟೆ ಕಾಯುತ್ತಿತ್ತು. ತಪ್ಪು ಯಾವುದೆಂದು ನಿನ್ನೆ ಸಂಜೆ ಕೈ ತೊಳೆಯುವಾಗ ಹೊಳೆದದ್ದು, ಎಂಥ ತಪ್ಪು, ಹೊರಗಿನವರಿಗೆ ಹೇಳಿದರೆ ತಪ್ಪು ಅಂತಲೇ ಅನ್ನಿಸದು — ಈ ಸಲದ ಕಿವಿ ಪ್ರೋಟೀನು ಎಂದೂ ಬಾರದಷ್ಟು ಶುದ್ಧವಾಗಿ ಬಂದಿತ್ತು, ಶುದ್ಧತೆ ಪರೀಕ್ಷಿಸುವ ಜೆಲ್ಲಿನ ಮೇಲೆ ಒಂದೇ ಒಂದು ಗೆರೆ, ಬೇರೆ ನೆರಳೂ ಇಲ್ಲ, ಅವಳು ಅದನ್ನು ಎಲ್ಲರಿಗೂ ಕರೆದು ತೋರಿಸಿದ್ದಳು, ಪುಟ್ಟ ಪುಟ್ಟ ಟ್ಯೂಬುಗಳಿಗೆ ತೆಳ್ಳಗೆ ಮಾಡಿ ತುಂಬುವಾಗ ಆಲ್ಬುಮಿನ್ ಸೇರಿಸಲು ಕೈ ಬರಲಿಲ್ಲ. ಆಲ್ಬುಮಿನ್ ಅಂದರೆ ಒರಟು ಪ್ರೋಟೀನು, ಸೀಸೆಗಟ್ಟಲೆ ಸಿಗುತ್ತದೆ, ಅದಕ್ಕೆ ಬೇರೇನೂ ಕೆಲಸವಿಲ್ಲ, ಜೊತೆಗಿರುವುದೇ ಕೆಲಸ, ಟ್ಯೂಬಿನ ಗೋಡೆಗೆಲ್ಲ ತಾನು ಹೋಗಿ ಅಂಟಿಕೊಂಡು ಅಸಲಿ ಪ್ರೋಟೀನನ್ನು ನೀರಿನಲ್ಲೇ ಉಳಿಸುತ್ತದೆ, ಇಷ್ಟು ಚೆಂದದ ಶುದ್ಧಕ್ಕೆ ಆ ಗಲೀಜು ಬೆರೆಸುವುದೇ ಅನ್ನಿಸಿತು, ಬೆರೆಸಲಿಲ್ಲ. ತೆಳುವಾದ ಶುದ್ಧ ಪ್ರೋಟೀನು ಏನು ಮಾಡುತ್ತದೆ, ಮೊದಲ ವರ್ಷ ಕಲಿತ ಪಾಠ, ಗೋಡೆಗೆ ಅಂಟಿಕೊಂಡು ಕೂರುತ್ತದೆ. ಟ್ಯೂಬಿನಿಂದ ತಟ್ಟೆಗೆ ಹೋದದ್ದು ಬರೀ ನೀರು. ಸತ್ತಿರಲಿಲ್ಲ, ಮಲಗಿರಲಿಲ್ಲ, ಗೋಡೆ ಹಿಡಿದು ನಿಂತಿತ್ತು ಪಾಪ. ಅತಿಯಾದರೆ ಅಮೃತವೂ ವಿಷ ಅನ್ನುವವರಿಗೆ ಆಲ್ಬುಮಿನ್ ಗೊತ್ತಿರಲಿಲ್ಲ ಅಷ್ಟೇ. ಗಟ್ಟಿಯಾಗಿ ಉಳಿದಿದ್ದ ಮೂಲ ಸೀಸೆಯಿಂದ ಮತ್ತೆ ತೆಗೆದು, ಈ ಸಲ ಆಲ್ಬುಮಿನ್ ಧಾರಾಳವಾಗಿ ಬೆರೆಸಿ, ಹೊಸ ಟ್ಯೂಬು, ಹೊಸ ತಟ್ಟೆ, ಸಾಕುವವಳ ಕೈಗೆ ಹೊಸ್ತಿಲಲ್ಲೇ ದಾಟಿಸಿ ಮನೆಗೆ ಹೋಗಿದ್ದಳು.

ಬಾಗಿಲು ತೆರೆಯಿತು. ತಗೊಳ್ಳಿ ಅಕ್ಕ, ಉಸಿರು ಬಿಡ್ಬೇಡಿ ಇದರ ಮೇಲೆ, ನಿಮ್ಮ ಉಸಿರಲ್ಲೂ ಬನ್ ಇರುತ್ತೆ. ತಟ್ಟೆಯನ್ನು ಮೆತ್ತಗೆ ಇಟ್ಟು ಕಣ್ಣು ಕೊಟ್ಟಳು. ಮೊದಲ ಸಾಲಿನ ಗುಳಿಗಳು, ಏನನ್ನೂ ಹಾಕದವು, ಕೋಶಗಳು ನೆಲ ಹಿಡಿದು ಚಪ್ಪಟೆಯಾಗಿ ಕಾಲುಚಾಚಿ ಮಲಗಿವೆ, ಸುಖಿಗಳು. ಎರಡನೆಯ ಸಾಲು, ಸಾವಿನ ಮಾತು ಮಾತ್ರ ಹಾಕಿದ್ದು, ಎಲ್ಲ ಗುಂಡಗೆ ಮುದುಡಿ, ನೆಲ ಬಿಟ್ಟು ತೇಲಿ, ಒಂದೊಂದೂ ಪುಟ್ಟ ಗಂಟುಗಳಾಗಿ ಒಡೆದು, ಚೊಕ್ಕವಾಗಿ, ಸರಿ. ಮೂರನೆಯ ಸಾಲಿಗೆ ತಳ್ಳುವಾಗ ಬೆರಳು ತಡೆಯಿತು, ಒಂದು ಗಳಿಗೆ, ನೋಡಿದಳು — ಚಪ್ಪಟೆ, ನೆಲ ಹಿಡಿದಿವೆ, ಮುಂದಿನ ಗುಳಿ, ಹಿಡಿದಿವೆ, ಅದರ ಮುಂದಿನದೂ, ಅದೇ ಸಾವಿನ ಮಾತು ಇಲ್ಲೂ ಬಿದ್ದಿದೆ, ಆದರೆ ಅವಳು ಬೆರೆಸಿದ ಬಿಡಿ ಕಿವಿಗಳು ನೀರಿನಲ್ಲಿ ತೇಲುತ್ತ ಆ ಮಾತನ್ನು ಕೋಶದ ಬಾಗಿಲಿಗೆ ಮುಟ್ಟುವ ಮೊದಲೇ ಹಿಡಿದುಕೊಂಡಿವೆ, ಒಂದೂ ಸತ್ತಿಲ್ಲ. ಸಾಕುವವಳು ಹೆಗಲ ಮೇಲಿಂದ ಬಗ್ಗಿ, ಏನಕ್ಕ ಬದುಕಿದ್ವಾ. ಬದುಕಿದ್ವು. ಏನು ಮಾಡಿದ್ರಿ. ಏನಿಲ್ಲ ಮಾರಾಯ್ತಿ, ಒಂಚೂರು ಗಲೀಜು ಬೆರೆಸ್ದೆ. ಹೊಟ್ಟೆ ತುಂಬ ಸಂತೋಷವಾಯಿತು, ನಗು ಬಂತು, ನಗುತ್ತ ಇನ್ನೊಮ್ಮೆ ಕಣ್ಣು ಕೊಟ್ಟಾಗ ಆ ಸಂತೋಷದ ನಡುವೆಯೇ ಅದು ಬಂದು ನಿಂತಿತು, ಅಷ್ಟೇನಾ ಅತ್ತಿಗೆ. ಕತ್ತೆ ತೆಗೆದಳು, ಇಟ್ಟಿಗೆ ತೆಗೆದಳು, ಕೊನೆಗೆ ಅವನ ಕೈಗೆ ಕೊಟ್ಟದ್ದೇನು, ಬರೀ ನೀರು. ಗಂಡ ಅಂದದ್ದು ನೀನಿಲ್ಲದೆ ಆಗಲ್ಲ ಅಂತ, ಅದನ್ನು ಅವನು ಹೇಳಬಲ್ಲದ್ದು ಕತ್ತೆ ಅನ್ನುವ ಮಾತಿನ ಬೆನ್ನ ಮೇಲೆ ಕೂರಿಸಿಯೇ, ಕತ್ತೆಯನ್ನು ಇಳಿಸಿದರೆ ಅದು ನಡೆದುಕೊಂಡು ಹೋಗುವ ಮಾತಲ್ಲ, ಇಷ್ಟು ವರ್ಷದ ಮಾತೆಲ್ಲ ಹಾಗೇ ಅಲ್ಲಲ್ಲೇ ಅಂಟಿಕೊಂಡು ಉಳಿದಿದೆ, ಅವಳಲ್ಲೇ. ಅವಳಿಗೆ ಅಲ್ಲೇ ಸ್ಟೂಲಿನ ಮೇಲೆ ಅಳು ಬಂತು, ದುಃಖದ್ದೂ ಅಲ್ಲ ಪೂರ್ತಿ. ಮುಖ್ಯಸ್ಥರ ಬಾಗಿಲಲ್ಲಿ ತಲೆ ಹಾಕಿ, ಪ್ರೋಟೀನು ಎದ್ದಿದೆ ಸಾರ್, ನಾನು ಮನೆಗೆ ಹೋಗ್ಬೇಕು ಈಗ್ಲೇ. ಅವರು ಕನ್ನಡಕ ಮೇಲೆತ್ತಿ, ಹೋಗಿ ಹೋಗಿ, ಬರ್ತಾ ಬನ್ ತನ್ನಿ, ಬಾಗಿಲಾಚೇನೇ ಇಡಿ.

ಬೀದಿಯಲ್ಲಿ ಬಿಸಿಲು ಚೆನ್ನಾಗಿದೆ, ಕಾಲು ಓಡುತ್ತದೆ, ಸೈಕಲ್ಲಿನವನು ಗಂಟೆ ಬಾರಿಸಿದ, ಔಷಧಿ ಅಂಗಡಿ, ಮುಚ್ಚಿದ ಸಿನಿಮಾ ಮಂದಿರದ ಗೋಡೆ, ತಿರುವಿನಲ್ಲೇ ಬ್ರೆಡ್ಡಿನ ಪರಿಮಳ ಎದುರು ಬಂದು ಕೈ ಹಿಡಿಯುತ್ತದೆ, ಹೋಗಿಬಿಟ್ಟಿದ್ದರೆ, ಹೋಗಿಬಿಟ್ಟಿದ್ದರೆ ಬಸ್ಸಿನ ಹಿಂದೆಯೇ ಕತ್ತೆ ಕತ್ತೆ ಅಂತ ಕೂಗುತ್ತ ಓಡುವುದು, ಊರು ನಗಲಿ. ಹೋಗಿರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಚೀಲ, ಪಕ್ಕದಲ್ಲಿ ಮೈದುನ, ಕೈಗಡಿಯಾರ ನೋಡುತ್ತ, ಇದೇನತ್ತಿಗೆ ಈ ಹೊತ್ತಲ್ಲಿ. ಉಸಿರು ಸಿಗಲಿಲ್ಲ, ಕಂಬ ಹಿಡಿದಳು, ಬೆಳಿಗ್ಗೆ ನಿಮ್ಮಣ್ಣ ಹೇಳಿದ್ದು ನಾನು ಸರಿಯಾಗಿ ಹೇಳ್ಲಿಲ್ಲ, ಈಗ ಹೇಳ್ತೀನಿ, ಪೂರ್ತಿ. ಆ ಕತ್ತೆಗೆ ಹೇಳು ಅಂದ್ರು. ಅವನ ಹುಬ್ಬು ಮೇಲೆ ಹೋಯಿತು. ಹೋಗೋದಾದ್ರೆ ಹೋಗ್ಲಿ, ನಾನೇನು ಕಾಲಿಗೆ ಬೀಳಲ್ಲ ಅಂದ್ರು. ಅವಳ ಬಾಯಲ್ಲಿ ಗಂಡನ ದನಿ ಎಷ್ಟು ವಿಚಿತ್ರವಾಗಿ ಕೇಳಿಸುತ್ತಿದೆ, ನಾಚಿಕೆಯಾಗುತ್ತದೆ, ಬಿಡಬಾರದು, ಅವನು ನಾದದೆ ಇದ್ರೆ ಇಲ್ಲಿ ಬ್ರೆಡ್ಡಾಗಲ್ಲ ಇಟ್ಟಿಗೆ ಆಗುತ್ತೆ, ಇಟ್ಟಿಗೇನೇ ಮಾರ್ಕೊಂಡು ಬದುಕ್ತೀನಿ ಅಂತ ಹೇಳು ಅಂದ್ರು, ಚಹಾ ಕುಡೀಲಿಲ್ಲ, ಕಿಟಕಿ ನೋಡ್ತಾ ಅಂದ್ರು. ಮೈದುನ ಕೈಗಡಿಯಾರವನ್ನು ಅಂಗಿಯ ತೋಳಿನೊಳಗೆ ಸರಿಸಿದ. ಆಮೇಲೆ ಮೆಲ್ಲಗೆ, ಇಟ್ಟಿಗೆ ಮಾರೋಕೂ ಒಂದು ಯೋಗ್ಯತೆ ಬೇಕು ಅಂತ ಹೇಳಿ ಆ ಗೂಬೆಗೆ. ಅವಳು ಬಾಯಿ ತೆರೆದಳು, ಅಭ್ಯಾಸ ನೋಡಿ, ಆಗಲೇ ಒಳಗೆ ಸೋಸುವುದು ಶುರುವಾಗಿತ್ತು, ತಮ್ಮನಿಗೆ ಸ್ವಲ್ಪ ಚಿಂತೆಯಂತೆ ಅಂತ ಏನೋ, ಬಾಯಿ ಮುಚ್ಚಿದಳು. ನಾನು ಹೇಳಲ್ಲ ಕಣೋ. ಒಲೆ ಹತ್ರಾನೇ ಇದಾರೆ. ನೀನೇ ಹೋಗಿ ಹೇಳು.

ಅವನು ಒಳಗೆ ಹೋದ, ಅವಳು ಮೆಟ್ಟಿಲ ಮೇಲೆ ಚೀಲದ ಪಕ್ಕ ಕೂತಳು, ಮೊದಲು ಏನೂ ಇಲ್ಲ, ಆಮೇಲೆ ಗೂಬೆ ಕೇಳಿಸಿತು, ಆಮೇಲೆ ಕತ್ತೆ, ಆಮೇಲೆ ಎರಡು ದನಿಯೂ ಒಂದರ ಮೇಲೊಂದು ಬಿದ್ದು ಮಾಡು ಹಾರಿಹೋಗುವ ಹಾಗೆ, ಕೇಳ್ದೆ ಒಲೆ ಕೆಡವಿದ್ದು ನೀನು, ಕೇಳಿದ್ರೆ ಬೇಡ ಅಂತಿದ್ದೆ ನೀನು, ಅದು ಅಪ್ಪ ಕಟ್ಟಿದ ಒಲೆ, ಅದರ ಹೊಗೇಲಿ ನೀನು ಕೆಮ್ಮೋದು ನೋಡಕ್ಕಾಗ್ದೆ ಕೆಡವಿದ್ದು ಕಣೋ ಪೆದ್ದ, ಅವಳು ಏಳಬೇಕು, ನಡುವೆ ಹೋಗಿ ನಿಲ್ಲಬೇಕು, ಚೀಲದ ಹಿಡಿಯನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದು ಕೂತಳು, ಏಳಲಿಲ್ಲ. ಟೈಲರು ಅಂಗಡಿಯಿಂದ ತಲೆ ಹೊರಗೆ ಹಾಕಿ ನೋಡಿದ. ಒಳಗೆ ಮೈದುನನ ದನಿ, ಇಷ್ಟು ವರ್ಷ ನೀನು ಹೇಳಿ ಕಳಿಸ್ತಿದ್ದದ್ದು ಕೇಳ್ತಾ ಕೇಳ್ತಾ ನಾನ್ಯಾರೋ ಬಾಡಿಗೆಯವನು ಅನ್ಸಿಬಿಟ್ಟಿತ್ತು ಕಣೋ, ಸ್ವಲ್ಪ ಬೇಗ ಏಳ್ಬೇಕಂತೆ, ದಯವಿಟ್ಟು ಬಾಗಿಲು ಹಾಕ್ಬೇಕಂತೆ, ಅಣ್ಣ ಆದೋನು ಹಾಗಾ ಮಾತಾಡೋದು. ನಾನೆಲ್ಲೋ ಹಾಗಂದೆ, ಎಮ್ಮೆ ಥರ ಬಿದ್ದಿದಾನೆ ಎಬ್ಬಿಸು ಅಂತ ಅಂದೆ. ಮತ್ತೆ ಅತ್ತಿಗೆ ಹಾಗೆ ಹೇಳ್ತಿದ್ದದ್ದು. ಸದ್ದು ನಿಂತಿತು. ಅವಳ ಕಿವಿ ಸುಟ್ಟುಹೋಯಿತು, ಮೆಟ್ಟಿಲು ಬಾಯ್ತೆರೆದು ನುಂಗಬಾರದೇ ಅನ್ನಿಸಿತು. ಒಳಗಿನಿಂದ ಮೊದಲು ಒಂದು ಗೊರಕೆಯಂಥ ಸದ್ದು, ಆಮೇಲೆ ಇನ್ನೊಂದು, ಇಬ್ಬರೂ ನಗುತ್ತಿದ್ದಾರೆ, ಗಂಡಸರು ಅಳುವನ್ನು ಬಚ್ಚಿಡಲು ನಗುವ ನಗು, ಚಪ್ ಅಂತ ಒಂದು ಏಟಿನ ಶಬ್ದ, ಹೋಗೋ ಕತ್ತೆ, ಹಿಟ್ಟು ಹುಳಿ ಬರ್ತಿದೆ, ಆ ಚೀಲ ಮೇಲಿಟ್ಟು ಬೇಗ ಬಾ.

ಮೈದುನ ಹೊರಗೆ ಬಂದ, ಕಣ್ಣು ಕೆಂಪು, ಅವಳ ಮುಖ ನೋಡದೆ ಚೀಲಕ್ಕೆ ಕೈ ಹಾಕಿದ, ಅವಳು ಹಿಡಿ ಬಿಟ್ಟಿರಲಿಲ್ಲ, ಬಿಡಿ ಅತ್ತಿಗೆ, ಬಸ್ಸಿನವರು ನನ್ನ ಬಿಟ್ಟೇ ಹೋಗ್ತಾರೆ, ಹೋಗ್ಲಿ. ಬಿಟ್ಟಳು. ಅವನು ಚೀಲ ಹೆಗಲಿಗೇರಿಸಿ ತಿರುಗಿ ಮೆಟ್ಟಿಲು ಹತ್ತುತ್ತಿದ್ದಾನೆ, ಬನ್ ಒಯ್ಯಬೇಕು ಸಾರಿಗೆ, ಬಾಗಿಲಾಚೆಯೇ ಇಡಬೇಕು, ಟ್ಯೂಬುಗಳೆಲ್ಲ ಮತ್ತೆ ತುಂಬಬೇಕು, ಈ ಸಲ ಎಲ್ಲದಕ್ಕೂ ಆಲ್ಬುಮಿನ್, ಸಂಜೆ ಆ ಅಂಗಿ ಒಗೆಯಬೇಕು, ಇಲ್ಲ, ಒಗೆಯುವುದು ಬೇಡ, ನಾಳೆಗಿರಲಿ, ನಾಳಿದ್ದಿಗಿರಲಿ — ಕಪ್ಪು ಅಂಗಿ, ಬೆನ್ನ ನಡುವೆ, ಬೆಳ್ಳಗೆ, ಒಂದು ಅಂಗೈ, ಐದು ಬೆರಳು, ಬೆರಳು ಬೆರಳಿನ ನಡುವೆ ಕಪ್ಪು ಸಂದು, ಐದು ಬೆರಳು, ಬೆಳ್ಳಗೆ